ಕಡಲಿಲ್ಲದ ನಾಡು: ನೇಪಾಳದ ಪರಿಚಯ

ನೇಪಾಳದ ಪಾಠವನ್ನು ಎವರೆಸ್ಟ್ ಶಿಖರದಿಂದ ಆರಂಭಿಸುವುದು ರೂಢಿ. ಉಪ್ಪಿನಿಂದ ಆರಂಭಿಸಿದರೆ ಮಕ್ಕಳಿಗೆ ವಿಷಯ ಬೇಗ ಹಿಡಿಯುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಶಾಲೆಗಳಲ್ಲಿ ಸಮುದ್ರವನ್ನು ಕಣ್ಣಾರೆ ಕಂಡ ಮಕ್ಕಳು ವಿರಳ. ಮನೆಯ ಉಪ್ಪು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ 'ಅಂಗಡಿಯಿಂದ' ಎಂಬ ಉತ್ತರವೇ ಮೊದಲು ಬರುವುದು. ಅಂಗಡಿಗೆ ಎಲ್ಲಿಂದ ಬಂತು ಎಂಬ ಎರಡನೆಯ ಪ್ರಶ್ನೆಯಲ್ಲಿ ಪಾಠ ಆರಂಭವಾಗುತ್ತದೆ.

2014ರ ಜೂನ್ 2ರಂದು ರಚಿತವಾದ ತೆಲಂಗಾಣಕ್ಕೆ ಕರಾವಳಿಯಿಲ್ಲ. ಆದರೂ ಗುಜರಾತಿನ ಉಪ್ಪು ಮಕ್ತಲದ ಸಂತೆಗೆ ಬರುವಾಗ ಪರದೇಶದ ನೆಲವನ್ನು ತುಳಿಯಬೇಕಿಲ್ಲ. ನೇಪಾಳದ ಸ್ಥಿತಿ ಬೇರೆ. ಸುತ್ತಲೂ ಅನ್ಯ ದೇಶಗಳ ನೆಲವೇ ಇದ್ದು, ಸ್ವಂತ ಕಡಲತೀರವಿಲ್ಲದ ದೇಶವನ್ನು ಭೂಆವೃತ ದೇಶವೆನ್ನುತ್ತಾರೆ. ನೇಪಾಳದ ಉತ್ತರಕ್ಕೆ ಚೀನಾದ ಟಿಬೆಟ್ ಇದೆ. ಉಳಿದ ಮೂರು ದಿಕ್ಕುಗಳಲ್ಲಿ ಭಾರತವಿದೆ. ಹಿಂದಿನ ಕಾಲದಲ್ಲಿ ಟಿಬೆಟ್ಟಿನ ಸರೋವರಗಳ ಉಪ್ಪು ಯಾಕ್ ಮತ್ತು ಕುರಿಗಳ ಬೆನ್ನೇರಿ ಹಿಮಾಲಯದ ಕಣಿವೆಗಳನ್ನು ದಾಟಿ ಬರುತ್ತಿತ್ತು. ಮರಳುವಾಗ ಅವೇ ಪ್ರಾಣಿಗಳು ಧಾನ್ಯವನ್ನು ಹೊತ್ತು ಹೋಗುತ್ತಿದ್ದವು. ಇಂದು ಸಮುದ್ರಮಾರ್ಗದ ಸರಕು ಹೆಚ್ಚಾಗಿ ಕೋಲ್ಕತ್ತಾ ಬಂದರಿನಲ್ಲಿ ಇಳಿದು, ಬಿಹಾರದ ರಕ್ಸೌಲ್ ಮೂಲಕ ನೇಪಾಳದ ಬೀರಗಂಜ್ ಸೇರುತ್ತದೆ. ವಿಶಾಖಪಟ್ಟಣದ ಬಂದರಿನಿಂದಲೂ ಸರಕು ಸಾಗುತ್ತದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಮಡಿದಿದ್ದರು. ಆ ಗಾಯ ಮಾಯುವ ಮೊದಲೇ, ಅದೇ ವರ್ಷದ ಸೆಪ್ಟೆಂಬರಿನಿಂದ ಕೆಲವು ತಿಂಗಳು ಗಡಿಯಲ್ಲಿ ಸಾಗಾಟ ನಿಂತು, ಅಡುಗೆ ಅನಿಲಕ್ಕೂ ಔಷಧಕ್ಕೂ ಅಲ್ಲಿನ ಜನ ಪರದಾಡಿದರು. ಕಾರಣದ ಕುರಿತು ಎರಡು ದೇಶಗಳಲ್ಲಿ ಎರಡು ಮಾತುಗಳಿವೆ. ತರಗತಿಯಲ್ಲಿ ಆ ವಾದಕ್ಕೆ ಇಳಿಯುವ ಅಗತ್ಯವಿಲ್ಲ. ಭೂಆವೃತತೆ ಎಂದರೆ ಏನು ಎಂಬುದನ್ನು ಖಾಲಿಯಾದ ಆ ಒಲೆಗಳೇ ಹೇಳುತ್ತವೆ.

ವಿಸ್ತೀರ್ಣದಲ್ಲಿ ನೇಪಾಳ ಸುಮಾರು 1,47,000 ಚದರ ಕಿಲೋಮೀಟರು, ತೆಲಂಗಾಣ 1,12,000. ದೇಶ ದೊಡ್ಡದಾದರೂ ಜನಸಂಖ್ಯೆ ತೆಲಂಗಾಣಕ್ಕಿಂತ ಕಡಿಮೆ, ಮೂರು ಕೋಟಿಯ ಒಳಗೆ. ದಕ್ಷಿಣದಲ್ಲಿ ತರಾಯಿ ಬಯಲು, ನಡುವೆ ಗುಡ್ಡಗಾಡು, ಉತ್ತರದಲ್ಲಿ ಹಿಮಪರ್ವತಗಳು. ಎಂಟು ಸಾವಿರ ಮೀಟರನ್ನು ಮೀರಿದ ಜಗತ್ತಿನ ಹದಿನಾಲ್ಕು ಶಿಖರಗಳಲ್ಲಿ ಎಂಟು ನೇಪಾಳದಲ್ಲಿ ಅಥವಾ ಅದರ ಗಡಿಯ ಮೇಲೆ ಇವೆ. ಎವರೆಸ್ಟಿನ ಎತ್ತರ 8,848.86 ಮೀಟರೆಂದು 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಘೋಷಿಸಿದವು. ಇಲ್ಲಿ ಒಂದು ಸೋಜಿಗವನ್ನು ಹೇಳಲೇಬೇಕು. ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ನೇಪಾಳದ ಕಾಲೀ ಗಂಡಕಿ ನದಿಯಲ್ಲಿ ದೊರೆಯುವ ಕಲ್ಲು. ಅದರೊಳಗಿನ ಚಕ್ರ ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಕಡಲಜೀವಿಯ ಅಚ್ಚು. ಇಂದು ಕಡಲಿಲ್ಲದ ಆ ನಾಡಿನ ನೆಲವೇ ಒಮ್ಮೆ ಕಡಲತಳವಾಗಿತ್ತು.

ಇತಿಹಾಸಕ್ಕೆ ಗದ್ವಾಲದಿಂದಲೇ ದಾರಿಯಿದೆ. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಬಂಡೆಶಾಸನ 'ಅಶೋಕ' ಎಂಬ ಹೆಸರನ್ನು ಬೆಳಕಿಗೆ ತಂದಿತು. ಅದೇ ಅರಸನ, ಅದೇ ಬ್ರಾಹ್ಮೀ ಲಿಪಿಯ ಕಂಬವೊಂದು ನೇಪಾಳದ ಲುಂಬಿನಿಯಲ್ಲಿ ನಿಂತಿದೆ. ಬುದ್ಧನು ಇಲ್ಲಿ ಹುಟ್ಟಿದನೆಂದೂ ಅದಕ್ಕಾಗಿ ಊರಿನ ತೆರಿಗೆಯನ್ನು ಇಳಿಸಲಾಗಿದೆಯೆಂದೂ ಅದು ಸಾರುತ್ತದೆ.

ಇನ್ನೊಂದು ಎಳೆ ಇದಕ್ಕಿಂತ ಹತ್ತಿರದ್ದು. ಗದ್ವಾಲ ಜಿಲ್ಲೆಯ ಆಲಂಪುರದಲ್ಲಿ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಉತ್ತರಕ್ಕೆ ನಡೆದ ದಂಡಯಾತ್ರೆಗಳೊಡನೆ ಹೋದ ಯೋಧರಲ್ಲಿ ಕೆಲವರು ಅಲ್ಲಿಯೇ ನೆಲೆನಿಂತರೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಅಂಥವರಲ್ಲಿ ಒಬ್ಬನಾದ ನಾನ್ಯದೇವ 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ವಂಶದ ಹೆಸರು ಕರ್ಣಾಟ. ರಾಜಧಾನಿ ಸಿಮ್ರೌನ್‌ಗಢ, ಇಂದಿನ ನೇಪಾಳದ ಬಾರಾ ಜಿಲ್ಲೆಯಲ್ಲಿ. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅರಸ ಆತ. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕ್‌ನ ಸೇನೆ ನಗರವನ್ನು ಕೆಡವಿದಾಗ ಕೊನೆಯ ಅರಸ ಹರಿಸಿಂಹದೇವ ಬೆಟ್ಟಗಳತ್ತ ಓಡಿದ. ಆತನ ರಾಣಿ ದೇವಲದೇವಿಗೆ ಭಕ್ತಪುರದಲ್ಲಿ ಆಶ್ರಯ ದೊರೆಯಿತು. ಆಕೆಯ ಮೊಮ್ಮಗಳು ರಾಜಲ್ಲದೇವಿ ಜಯಸ್ಥಿತಿ ಮಲ್ಲನ ಕೈಹಿಡಿದಳು. ನಂತರದ ಮಲ್ಲ ಅರಸರು ತಾವು ಕರ್ಣಾಟ ಕುಲದವರೆಂದು ಹೆಮ್ಮೆಪಟ್ಟರು.

ಈ ಭಾಗವನ್ನು ಹೇಳುವಾಗ ಉತ್ಸಾಹ ಹದ ಮೀರಬಾರದು. ನೇಪಾಳವನ್ನು ಕನ್ನಡಿಗರು ಆಳಿದರೆಂದು ಮಕ್ಕಳು ಬರೆದುಕೊಂಡರೆ ಅದು ಅರ್ಧಸತ್ಯ. ಆ ವಂಶದಲ್ಲಿ ಉಳಿದದ್ದು ನಾಡಿನ ಹೆಸರು ಮಾತ್ರ. ಹರಿಸಿಂಹದೇವನ ಆಸ್ಥಾನದಲ್ಲಿ ಜ್ಯೋತಿರೀಶ್ವರ ಠಾಕೂರ 'ವರ್ಣರತ್ನಾಕರ'ವನ್ನು ರಚಿಸಿದ್ದು ಮೈಥಿಲಿಯಲ್ಲಿ; ಅದು ಆ ಭಾಷೆಯ ಮೊದಲ ಗದ್ಯಗ್ರಂಥವೆಂದು ಹೆಸರಾಗಿದೆ. ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಮನೆಮಾತು ಎಲ್ಲಿ ಕರಗಿತೋ, ಯಾವ ತಲೆಮಾರಿನಲ್ಲಿ ಕರಗಿತೋ, ಶಾಸನಗಳು ಹೇಳುವುದಿಲ್ಲ.

ಮುಂದಿನ ಘಟನೆಗಳನ್ನು ಸಂಕ್ಷೇಪವಾಗಿ ತಿಳಿಸಿದರೆ ಸಾಕು. 1768ರಲ್ಲಿ ಗೋರ್ಖಾದ ಪೃಥ್ವೀನಾರಾಯಣ ಶಾಹ ಕಾಠ್ಮಂಡುವನ್ನು ಗೆದ್ದು ಹರಿದು ಹಂಚಿದ್ದ ರಾಜ್ಯಗಳನ್ನು ಒಗ್ಗೂಡಿಸತೊಡಗಿದ. 1846ರಿಂದ 1951ರವರೆಗೆ ಅಧಿಕಾರ ರಾಣಾ ಮನೆತನದ ಕೈಯಲ್ಲಿತ್ತು. 2008ರ ಮೇ 28ರಂದು ಅರಸೊತ್ತಿಗೆ ಕೊನೆಗೊಂಡು ದೇಶ ಗಣರಾಜ್ಯವಾಯಿತು.

ಕಾಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಪೂಜೆ ಸಲ್ಲಿಸುವ ಭಟ್ಟರು ದಕ್ಷಿಣ ಭಾರತದವರು, ಮುಖ್ಯವಾಗಿ ಕರ್ನಾಟಕದ ಕರಾವಳಿಯವರು. 2008ರ ಕೊನೆಯಲ್ಲಿ ಸರ್ಕಾರ ಅವರ ಸ್ಥಾನಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿತಾದರೂ, ವಿರೋಧ ಎದ್ದುದರಿಂದ ಹಿಂದೆ ಸರಿಯಿತು. ಭಕ್ತಪುರ, ಪಾಟನ್‌ಗಳ ನೇವಾರ ಶಿಲ್ಪಿಗಳ ಮರಗೆತ್ತನೆಯ ಕಿಟಕಿಗಳನ್ನು ಚಿತ್ರದಲ್ಲಾದರೂ ತೋರಿಸಬೇಕು. ಮಕ್ಕಳಿಗೆ ಬಹಳ ಹಿಡಿಸುವುದು ತಿಹಾರ್ ಹಬ್ಬ: ನಮ್ಮ ದೀಪಾವಳಿಯ ಹೊತ್ತಿಗೆ ಬರುವ ಈ ಐದು ದಿನಗಳಲ್ಲಿ ಮೊದಲ ದಿನ ಕಾಗೆಗೆ, ಎರಡನೆಯ ದಿನ ನಾಯಿಗೆ ಪೂಜೆ. ಬೀದಿನಾಯಿಯ ಕೊರಳಿಗೂ ಅಂದು ಹೂಮಾಲೆ ಬೀಳುತ್ತದೆ.

ನೇಪಾಳದ 2021ರ ಜನಗಣತಿ 124 ಮಾತೃಭಾಷೆಗಳನ್ನು ದಾಖಲಿಸಿತು. ಅಲ್ಲಿನ 2015ರ ಸಂವಿಧಾನದ 6ನೆಯ ವಿಧಿಯಂತೆ ಆ ನೆಲದ ಎಲ್ಲ ಮಾತೃಭಾಷೆಗಳೂ ರಾಷ್ಟ್ರಭಾಷೆಗಳೇ. 31ನೆಯ ವಿಧಿ ಮಾತೃಭಾಷೆಯಲ್ಲಿ ಕಲಿಯುವ ಹಕ್ಕನ್ನು ಕೊಡುತ್ತದೆ. ಭಾರತದ ಸಂವಿಧಾನಕ್ಕೆ ಇದೇ ಆಶಯದ 350ಎ ವಿಧಿ ಸೇರಿದ್ದು 1956ರಲ್ಲಿ. ಹೈದರಾಬಾದ್ ರಾಜ್ಯ ಹಂಚಿಹೋಗಿ ಈ ಮೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದ ವರ್ಷವೂ ಅದೇ. ಎರಡು ಸಂವಿಧಾನಗಳ ಈ ವಿಧಿಗಳನ್ನು ಮೇಲಿನ ತರಗತಿಯ ಮಕ್ಕಳಿಂದ ಅಕ್ಕಪಕ್ಕದಲ್ಲಿ ಬರೆಯಿಸಬಹುದು. ಚಿಕ್ಕ ತರಗತಿಗಳಿಗೆ ಗಡಿಯಾರದ ಅಭ್ಯಾಸ ಸಾಕು: ನೇಪಾಳದ ಸಮಯ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದು. ಮಕ್ತಲದಲ್ಲಿ ಒಂಬತ್ತಕ್ಕೆ ಪ್ರಾರ್ಥನೆಯ ಗಂಟೆ ಬಾರಿಸಿದಾಗ ಕಾಠ್ಮಂಡುವಿನ ಮಗು ನೋಡುವ ಗಡಿಯಾರದ ಚಿತ್ರವನ್ನು ಅವರೇ ಬರೆಯಲಿ.