ಮಲಗುವ ಕೋಣೆಯ ಗಿಡವೂ ನಾವು ಉಸಿರಾಡುವ ಗಾಳಿಯೂ

ಮಲಗುವ ಕೋಣೆಯಲ್ಲಿ ಗಿಡವನ್ನಿಡಬಾರದು, ಅದು ರಾತ್ರಿ ನಮ್ಮ ಪ್ರಾಣವಾಯುವನ್ನು ಹೀರಿಬಿಡುತ್ತದೆ ಎಂದು ಕೆಲವರು ಹೇಳುವರು. ಗಿಡವಿದ್ದರೆ ಗಾಳಿ ಶುದ್ಧವಾಗುವುದೆಂದು ನಂಬಿ ಹಾಸಿಗೆಯ ಪಕ್ಕದಲ್ಲಿ ಕುಂಡಗಳನ್ನು ಜೋಡಿಸುವವರು ಮತ್ತೆ ಕೆಲವರು. ಇವುಗಳಲ್ಲಿ ಯಾವುದು ನಿಜ?

ಎರಡು ನಂಬಿಕೆಗಳಿಗೂ ಆಧಾರವುಂಟು. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು 1771ರಲ್ಲಿ, ಮೇಣದ ಬತ್ತಿ ಉರಿದು ಕೆಟ್ಟ ಗಾಳಿಯೊಳಗೆ ಪುದೀನದ ಚಿಗುರನ್ನಿಟ್ಟನು. ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಈ ಕೆಲಸ ಹಸಿರು ಭಾಗಗಳಿಂದ ಬೆಳಕಿನಲ್ಲಿ ಮಾತ್ರ ನಡೆಯುವುದೆಂದೂ, ಕತ್ತಲಲ್ಲಿ ಗಿಡವು ಗಾಳಿಯನ್ನು ಕೆಡಿಸುವುದೆಂದೂ 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು ತೋರಿಸಿದನು. ಆದರೆ ಎಷ್ಟು ಕೆಡಿಸುತ್ತದೆ? ಲೆಕ್ಕ ಹಾಕಿ ನೋಡೋಣ.

ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34,000 ಲೀಟರು ಗಾಳಿ ಹಿಡಿಸುತ್ತದೆ. ಅದರಲ್ಲಿ ಆಮ್ಲಜನಕ 7,000 ಲೀಟರಿಗೂ ಹೆಚ್ಚು. ಇಂಗಾಲದ ಡೈಆಕ್ಸೈಡು ಸುಮಾರು 14 ಲೀಟರು. ನಿದ್ರಿಸುವ ಒಬ್ಬ ಮನುಷ್ಯನು ಗಂಟೆಗೆ ಸುಮಾರು 12 ಲೀಟರು ಆಮ್ಲಜನಕವನ್ನು ಬಳಸಿ, 10 ಲೀಟರಿನಷ್ಟು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಸಾಧಾರಣ ಕುಂಡದ ಗಿಡವು ಹೊರಬಿಡುವುದು ಗಂಟೆಗೆ ಹತ್ತಿಪ್ಪತ್ತು ಮಿಲಿಲೀಟರು ಮಾತ್ರ. ಎಂದರೆ ಮನುಷ್ಯನದರ ಸಾವಿರದಲ್ಲಿ ಒಂದೆರಡು ಪಾಲು. ಗಿಡಕ್ಕೆ ಹೆದರಬೇಕಾದರೆ, ಪಕ್ಕದಲ್ಲಿ ಮಲಗಿದವರಿಗೆ ಇನ್ನೆಷ್ಟು ಹೆದರಬೇಕು!

ಗಾಳಿ ಒಂದಿಷ್ಟೂ ಸುಳಿಯದಂತೆ ಕೋಣೆಯನ್ನು ಮುಚ್ಚಿದರೂ ಎಂಟು ಗಂಟೆಗಳಲ್ಲಿ ಒಬ್ಬನ ಉಸಿರಿನಿಂದ ಆಮ್ಲಜನಕವು ನೂರರಲ್ಲಿ ಒಂದೂವರೆ ಪಾಲಿನಷ್ಟು ಮಾತ್ರ ಕುಗ್ಗುತ್ತದೆ. ಇಂಗಾಲದ ಡೈಆಕ್ಸೈಡಾದರೋ ಆರೇಳು ಮಡಿ ಏರುತ್ತದೆ. ಮುಚ್ಚಿದ ಕೋಣೆಯ ಗಾಳಿ ಬೆಳಗಿನ ಹೊತ್ತಿಗೆ ಮಂಕಾಗಿ ತೋರುವುದು ಇದರಿಂದಲೇ ಹೊರತು ಗಿಡದಿಂದಲ್ಲ.

ಶುದ್ಧಿಯ ಮಾತೂ ಹೀಗೆಯೇ. 1989ರಲ್ಲಿ ಅಮೆರಿಕದ ನಾಸಾ ವಿಜ್ಞಾನಿಗಳು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು, ಬೆನ್ಜೀನಿನಂತಹ ಆವಿಗಳು ಕಡಿಮೆಯಾಗುವುದನ್ನು ಕಂಡರು. ಆದರೆ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಕಮಿಂಗ್ಸ್ ಮತ್ತು ವೇರಿಂಗ್ ಎಂಬ ಸಂಶೋಧಕರು 2019ರಲ್ಲಿ ಇಂತಹ ಹನ್ನೆರಡು ಅಧ್ಯಯನಗಳನ್ನು ಪರಿಶೀಲಿಸಿದರು. ಕಟ್ಟಡದ ಸಾಮಾನ್ಯ ಗಾಳಿಯಾಟಕ್ಕೆ ಸಮನಾಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು ಅವರ ಲೆಕ್ಕ ಹೇಳಿತು. ಭೂತಾಳೆಯಂತಹ ಕೆಲವು ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹೀರುವುದು ನಿಜ. ಆದರೂ ಅವು ಆಮ್ಲಜನಕವನ್ನು ಬಿಡುವುದು ಹಗಲಿನ ಬೆಳಕಿನಲ್ಲಿಯೇ.

ಹಾಗಾದರೆ ಎಚ್ಚರ ಬೇಕಾದದ್ದು ಎಲ್ಲಿ? ಕುಂಡದ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಸದಾ ಒದ್ದೆಯಾದ ಮಣ್ಣಿನ ಬೂಷ್ಟು ಉಬ್ಬಸದವರಿಗೆ ತೊಂದರೆ ಕೊಡಬಹುದು. ಇವೆಲ್ಲಕ್ಕಿಂತ ದೊಡ್ಡ ಅಪಾಯ ಬೇರೆ. ಗಿಡವನ್ನು ಹೊರಗಿಟ್ಟು, ಕಿಟಕಿ ಮುಚ್ಚಿ, ಒಳಗೆ ಸೊಳ್ಳೆಬತ್ತಿ ಹಚ್ಚಿ ಮಲಗುವವರಿದ್ದಾರೆ. ಅದರ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಬಾಣಂತಿಯ ಕೋಣೆಯನ್ನು ಬೆಚ್ಚಗಿಡಲು ಬಾಗಿಲು ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದೂ ಉಂಟು. ಇದ್ದಿಲು ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ, ಮಲಗಿದವರನ್ನು ಮಲಗಿದಲ್ಲಿಯೇ ಕೊಲ್ಲಬಲ್ಲದು. ಯಾವ ಗಿಡವೂ ಅದರಿಂದ ನಮ್ಮನ್ನು ಕಾಯಲಾರದು.

ಆದುದರಿಂದ ಗಿಡವನ್ನು ಕಣ್ಣಿನ ತಂಪಿಗಾಗಿ ಧಾರಾಳವಾಗಿ ಇಟ್ಟುಕೊಳ್ಳಬಹುದು. ತಟ್ಟೆಯ ನೀರನ್ನು ಚೆಲ್ಲಿ, ಕೆಂಡವನ್ನು ಹೊರಗಿಟ್ಟು, ಕಿಟಕಿಗೆ ಸೊಳ್ಳೆಯ ಜಾಲರಿ ಹಾಕಿ ತೆರೆದಿಡುವುದು ಮುಖ್ಯ. ಗಾಳಿಯನ್ನು ಶುದ್ಧವಾಗಿಡುವ ಕೆಲಸ ಕುಂಡದ್ದಲ್ಲ, ಕಿಟಕಿಯದು.