ಆರಿಸಿದ ತೆನೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆಂಪು ನೆಲ, ಕೆರೆಗಳು, ನಂಬಲಾಗದ ಮಳೆ, ಇವೇ ಇಲ್ಲಿನ ಬೇಸಾಯದ ಬಂಡವಾಳ. ಇಂತಹ ನೆಲದ ಜನರನ್ನು ತಲೆತಲಾಂತರದಿಂದ ಸಾಕಿದ ಧಾನ್ಯ ರಾಗಿ. ಹಿಂದಿನ ರೈತನು ಕೊಯ್ಲಿಗೆ ಮುನ್ನ ಹೊಲದಲ್ಲಿ ಅಡ್ಡಾಡಿ, ಕಾಳು ತುಂಬಿದ, ರೋಗ ತಗುಲದ ತೆನೆಗಳನ್ನು ಆರಿಸಿ ಬಿತ್ತನೆಗೆಂದು ಬೇರೆಯಾಗಿ ಇಡುತ್ತಿದ್ದನು. ಮನೆಯಲ್ಲಿ ಹಿಟ್ಟು ಮುಗಿದಾಗಲೂ ಆ ಬೀಜಕ್ಕೆ ಕೈಹಾಕಲು ಹಿಂಜರಿಯುತ್ತಿದ್ದನು.

ತಳಿ ಅಭಿವೃದ್ಧಿಯೆಂಬ ಶಾಸ್ತ್ರದ ಬೇರು ಇರುವುದು ಈ ಆಯ್ಕೆಯಲ್ಲಿಯೇ. ತಾಯಿಗಿಡದ ಗುಣ ಬೀಜದ ಮೂಲಕ ಮರಿಗಿಡಕ್ಕೆ ಇಳಿಯುತ್ತದೆ. ಉತ್ತಮವಾದುದನ್ನೇ ಮತ್ತೆ ಮತ್ತೆ ಆರಿಸಿ ಬಿತ್ತಿದರೆ ಕಾಲಕ್ರಮದಲ್ಲಿ ತಳಿಯೇ ಉತ್ತಮಗೊಳ್ಳುತ್ತದೆ. ಆದರೆ ಆಯ್ಕೆಗೂ ಒಂದು ಮಿತಿಯುಂಟು. ಹೊಲದಲ್ಲಿ ಇಲ್ಲದ ಗುಣವನ್ನು ಯಾರೂ ಆರಿಸಲಾರರು. ರಾಗಿಯ ಹೂವಿನಲ್ಲಿ ಅದರದೇ ಪರಾಗವು ಅದರದೇ ಶಲಾಕೆಯ ಮೇಲೆ ಬೀಳುವುದರಿಂದ, ಎರಡು ತಳಿಗಳು ತಾವಾಗಿಯೇ ಬೆರೆಯುವುದು ಬಹಳ ಅಪರೂಪ. ಮನುಷ್ಯನೇ ಬೆರೆಸೋಣವೆಂದರೆ ಹೂವು ಅತಿ ಸಣ್ಣದು.

ಈ ಕಷ್ಟದ ಕೆಲಸಕ್ಕೆ ಬಾಳನ್ನು ಮುಡಿಪಾಗಿಟ್ಟವರು ಸಿ.ಎಚ್. ಲಕ್ಷ್ಮಣಯ್ಯನವರು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಅವರನ್ನು ಜನರು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಅವರು ಮೊದಲು ನಮ್ಮ ದೇಶದ ರಾಗಿಗಳನ್ನೇ ಒಂದರೊಡನೊಂದು ಬೆರೆಸಿ ಅರುಣ, ಉದಯ, ಅನ್ನಪೂರ್ಣ, ಕಾವೇರಿ ಮೊದಲಾದ ತಳಿಗಳನ್ನು ಪಡೆದರು. ಅಷ್ಟಕ್ಕೆ ತೃಪ್ತರಾಗದೆ ರಾಗಿಯ ತವರಾದ ಆಫ್ರಿಕದ ಕಡೆಗೆ ದೃಷ್ಟಿ ಹರಿಸಿದರು. ಅಲ್ಲಿಯ ರಾಗಿಗೆ ದಪ್ಪ ಕಾಂಡ, ದೊಡ್ಡ ತೆನೆ. ಆದರೆ ಅದು ಮಾಗುವುದು ತಡ. ನಮ್ಮ ರಾಗಿ ಇಲ್ಲಿನ ಹವೆಗೆ ಒಗ್ಗಿದ್ದು, ಬೇಗ ಕೊಯ್ಲಿಗೆ ಬರುವಂಥದು. ಇವೆರಡನ್ನೂ ಬೆರೆಸಿದಾಗ ಎರಡನೆಯ ತಲೆಮಾರಿನಲ್ಲಿ ಗುಣಗಳೆಲ್ಲ ಚದುರಿ ಬಗೆಬಗೆಯ ಗಿಡಗಳು ಹುಟ್ಟುತ್ತವೆ. ಅವುಗಳಲ್ಲಿ ಎರಡೂ ಕಡೆಯ ಒಳ್ಳೆಯ ಗುಣಗಳುಳ್ಳವನ್ನು ಹುಡುಕಿ, ಗುಣ ಸ್ಥಿರವಾಗುವವರೆಗೆ ತಲೆಮಾರಿನ ಮೇಲೆ ತಲೆಮಾರು ಆರಿಸುತ್ತಲೇ ಹೋಗಬೇಕು. ಇಂತಹ ತಪಸ್ಸಿನ ಫಲವಾಗಿ 1970ರ ದಶಕದಲ್ಲಿ 'ಇಂಡಾಫ್' ತಳಿಗಳು ರೈತರ ಕೈಸೇರಿದವು. ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳೂ ಆ ಒಂದೇ ಪದದಲ್ಲಿ ಅಡಗಿವೆ.

ಮುಂದೆ ಇಂಡಾಫ್ ವಂಶದಿಂದಲೇ ಬೆಂಗಳೂರಿನ ವಿಜ್ಞಾನಿಗಳು ಜಿ.ಪಿ.ಯು. 28 ಎಂಬ ತಳಿಯನ್ನು ರೂಪಿಸಿದರು. ತೆನೆಯನ್ನು ಜೊಳ್ಳಾಗಿಸುವ ಬೆಂಕಿ ರೋಗವನ್ನು ಅದು ಎದುರಿಸಬಲ್ಲುದು. ಒಂದು ತಲೆಮಾರಿನವರ ಶ್ರಮ ಮುಂದಿನವರಿಗೆ ಬೀಜವಾಯಿತು.

ದನಕರುಗಳ ವಿಷಯದಲ್ಲಿಯೂ ಇದೇ ಮಾತು. ಕೋಲಾರದ ಅನೇಕ ಸಂಸಾರಗಳಿಗೆ ಹಾಲೇ ಆಧಾರ. ವಿದೇಶಿ ತಳಿಯೊಡನೆ ಬೆರೆಸಿ ಪಡೆದ ಮಿಶ್ರತಳಿಯ ಹಸು ಹೆಚ್ಚು ಹಾಲು ಕರೆಯುತ್ತದೆ. ಆದರೆ ಅದಕ್ಕೆ ಮೇವು, ನೀರು, ಆರೈಕೆಗಳೂ ಹೆಚ್ಚಾಗಿ ಬೇಕು. ಹಳ್ಳಿಕಾರ್ ಹಸುವಿನ ಹಾಲು ಕಡಿಮೆ. ಆದರೆ ಆ ತಳಿ ಬಿಸಿಲನ್ನು ತಾಳಿಕೊಳ್ಳಬಲ್ಲುದು, ಅದರ ಎತ್ತು ದುಡಿಮೆಗೆ ಹೆಸರಾದುದು. ಒಂದು ಗುಣವನ್ನು ಆರಿಸುವಾಗ ಇನ್ನೊಂದು ಗುಣ ಕೈಬಿಟ್ಟುಹೋಗಬಹುದೆಂಬುದನ್ನು ಮರೆಯಬಾರದು.

ಹೊಸ ತಳಿ ಬಂದ ಮೇಲೆ ಹಳೆಯ ಬೀಜ ಏಕೆ ಬೇಕೆಂದು ಕೆಲವರು ಕೇಳಬಹುದು. ನಾಳೆ ಹೊಸ ರೋಗ ಬಂದೀತು, ಮಳೆಯ ಕ್ರಮ ಬದಲಾದೀತು. ಆಗ ಅದನ್ನು ಗೆಲ್ಲುವ ಗುಣ ಯಾವ ಹಳೆಯ ತೆನೆಯಲ್ಲಿ ಅಡಗಿದೆಯೋ ಹೇಳುವವರಾರು? ಬೀಜವೊಂದು ಅಳಿದರೆ ಅದನ್ನು ಮತ್ತೆ ಸೃಷ್ಟಿಸುವ ಶಕ್ತಿ ಯಾವ ವಿಜ್ಞಾನಿಗೂ ಇಲ್ಲ. ಆದುದರಿಂದಲೇ ಸಂಶೋಧನಾಲಯಗಳು ಹೊಸ ತಳಿಗಳನ್ನು ರೂಪಿಸುವುದರ ಜೊತೆಗೆ ನಾಡಿನ ಹಳೆಯ ತಳಿಗಳನ್ನೂ ಕಾಪಾಡುತ್ತವೆ. ಹಸಿವಿನಲ್ಲಿಯೂ ಬೀಜದ ರಾಗಿಯನ್ನು ಮುಟ್ಟಲು ಹಿಂಜರಿದ ಅಂದಿನ ರೈತನು ತೋರಿದ ದಾರಿಯೂ ಇದೇ.