ಟಿಕ್ ಟಿಕ್ ಲೆಕ್ಕ ತಪ್ಪುವುದೇಕೆ?

ಮಕ್ಕಳೇ, ಕೀ ಕೊಡುವ ಹಳೆಯ ಕೈಗಡಿಯಾರವನ್ನು ಕಿವಿಗೆ ಹಿಡಿದು ಕೇಳಿದ್ದೀರಾ? ಬೆಂಗಳೂರಿನ ಎಚ್.ಎಂ.ಟಿ. ಕಂಪನಿ ತಯಾರಿಸುತ್ತಿದ್ದ 'ಜನತಾ' ವಾಚಾದರೆ ಸೆಕೆಂಡಿಗೆ 5 ಸಲ ಟಿಕ್ ಎನ್ನುತ್ತದೆ. ದಿನಕ್ಕೆ 86,400 ಸೆಕೆಂಡು. ಅಂದರೆ 4,32,000 ಟಿಕ್! ಅದು ದಿನಕ್ಕೆ 10 ಸೆಕೆಂಡು ಹಿಂದೆ ಬಿದ್ದರೆ ಬೈಯಬೇಡಿ. 8,640 ಸೆಕೆಂಡಿಗೆ ಒಂದೇ ಸೆಕೆಂಡಿನ ತಪ್ಪು ಅದು.

ಟಿಕ್‌ಗಳ ಲಯ ಕಾಯುವುದು ಒಂದು ಪುಟ್ಟ ಚಕ್ರ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗಿನ ಬಿಗಿಯಿಂದ ಅದು ಉಯ್ಯಾಲೆಯಂತೆ ಅತ್ತಿತ್ತ ತಿರುಗುತ್ತದೆ. ಉಕ್ಕಿನ ಸ್ಪ್ರಿಂಗ್ ಬಿಸಿಯಾದರೆ ಬಿಗಿ ಕಡಿಮೆಯಾಗುತ್ತದೆ; ಚಕ್ರ ನಿಧಾನವಾಗಿ ವಾಚು ಹಿಂದೆ ಬೀಳುತ್ತದೆ. ಸ್ವಿಟ್ಜರ್ಲೆಂಡಿನ ಗಡಿಯಾರ ತಯಾರಕರ ಮನೆಯಲ್ಲಿ ಹುಟ್ಟಿದ ಶಾರ್ಲ್ ಗಿಯೋಮ್ ಎಂಬ ವಿಜ್ಞಾನಿ, ಬಿಸಿಗೆ ಅಷ್ಟಾಗಿ ಜಗ್ಗದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದರು. 1920ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಅಂಥ ಲೋಹದ ಸ್ಪ್ರಿಂಗ್ ಬಂದ ಮೇಲೆ ಬೇಸಿಗೆ, ಚಳಿಗಾಲದ ವ್ಯತ್ಯಾಸ ಬಹಳ ತಗ್ಗಿತು.

ಅಯಸ್ಕಾಂತದ ಕಾಟ ಬೇರೆ. ಅದರಿಂದ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ವಾಚು ಮುಂದೆ ಓಡುತ್ತದೆ. ಸ್ಪೀಕರಿನ ಮೇಲೆ ವಾಚು ಇಡಬೇಡಿ.

ಈಗೊಂದು ಪ್ರಶ್ನೆ. ಒಂದು ವಾಚು ದಿನವೂ 10 ಸೆಕೆಂಡು ಹಿಂದೆ. ಇನ್ನೊಂದು ಇವತ್ತು 6 ಸೆಕೆಂಡು ಮುಂದೆ, ನಾಳೆ 7 ಸೆಕೆಂಡು ಹಿಂದೆ. ಯಾವುದು ಒಳ್ಳೆಯದು? ಮೊದಲನೆಯದೇ! ತಪ್ಪು ಒಂದೇ ಸಮನಾಗಿದ್ದರೆ ವಾಚು ರಿಪೇರಿಯವರು ಒಳಗಿನ ಸಣ್ಣ ಕಡ್ಡಿಯನ್ನು ಕೊಂಚ ಸರಿಸಿ ತಿದ್ದಬಲ್ಲರು.

ನಿಮ್ಮ ಮನೆಯಲ್ಲಿ ಇಂಥ ವಾಚಿದ್ದರೆ ಒಂದು ವಾರ ದಿನವೂ ಒಂದೇ ಹೊತ್ತಿಗೆ ಕೀ ಕೊಡಿ. ಮೊಬೈಲ್ ಫೋನಿನ ಸಮಯಕ್ಕೆ ಹೋಲಿಸಿ ವ್ಯತ್ಯಾಸ ಬರೆದಿಡಿ.